ನಳದ ನೀರು ಎಷ್ಟು ಸುರಕ್ಷಿತ? ಜಹೀರಾಬಾದ್, ನಾರಾಯಣಖೇಡ, ತಾಂಡೂರಿನವರು ತಿಳಿದಿರಬೇಕಾದ ಸಂಗತಿಗಳು

ಕನ್ನಡದವರು ನಳ ಎನ್ನುತ್ತಾರೆ, ತೆಲುಗಿನವರು ನಲ್ಲಾ ಎನ್ನುತ್ತಾರೆ. ಮನೆಯಲ್ಲಿ ಕೇಳುವ ಪ್ರಶ್ನೆ ಮಾತ್ರ ಒಂದೇ: ಈ ನೀರು ಕುಡಿಯಬಹುದೆ? ನದಿ ಯಾವುದು ಎಂದು ತಿಳಿದರಷ್ಟೇ ಇದಕ್ಕೆ ಉತ್ತರ ಸಿಗುವುದಿಲ್ಲ. ಶುದ್ಧೀಕರಣ ಘಟಕದಿಂದ ಮನೆಯ ಕೊಡದವರೆಗಿನ ದಾರಿಯನ್ನೂ ನೋಡಬೇಕು.

ನೀರು ಬರುವುದು ಎಲ್ಲಿಂದ?

1956ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಈಗ ಮೊದಲಿನ ಎರಡು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. ಜಿಲ್ಲೆ ಬದಲಾದರೂ ನದಿಗಳ ನಂಟು ಹಾಗೆಯೇ ಉಳಿದಿದೆ.

ಮಂಜೀರಾ ನದಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುತ್ತದೆ. ಲಾತೂರ್ ಮತ್ತು ಬೀದರ್ ಜಿಲ್ಲೆಗಳನ್ನು ದಾಟಿ ಸಿಂಗೂರು ಜಲಾಶಯಕ್ಕೆ ಬರುತ್ತದೆ. ಸುಮಾರು 30 ಟಿಎಂಸಿ ಸಾಮರ್ಥ್ಯದ ಈ ಜಲಾಶಯವೇ ಜಹೀರಾಬಾದ್ ಮತ್ತು ನಾರಾಯಣಖೇಡ ಭಾಗದ ಮಿಷನ್ ಭಗೀರಥ ನೀರಿಗೆ ಮೂಲ. ತಾಂಡೂರಿನ ಹಳೆಯ ಮೂಲ ಕಾಗ್ನಾ ನದಿ. ಇದೇ ನದಿ ಕಲಬುರಗಿ ಜಿಲ್ಲೆಗೆ ಬಂದು ಕಾಗಿಣಾ ಎನಿಸಿಕೊಂಡು, ಸೇಡಂ ತಾಲೂಕಿನ ಮಳಖೇಡದ ಪಕ್ಕದಲ್ಲಿ ಹರಿದು ಭೀಮಾ ನದಿಯನ್ನು ಸೇರುತ್ತದೆ.

ಅಂದರೆ ಬೀದರ್ ಕಡೆ ಮಂಜೀರಾಕ್ಕೆ ಬಿಟ್ಟ ಕೊಳಕು ಕೆಳಗಿನ ಸಿಂಗೂರಿನತ್ತ ಬರುತ್ತದೆ. ತಾಂಡೂರಿನಲ್ಲಿ ಕಾಗ್ನಾಕ್ಕೆ ಬಿಟ್ಟ ಕೊಳಕು ಸೇಡಂ ಕಡೆಗೆ ಹೋಗುತ್ತದೆ. ಗಡಿಯ ಎರಡೂ ಕಡೆಯವರು ಒಂದು ನದಿಗೆ ಮೇಲಿನವರಾದರೆ ಇನ್ನೊಂದಕ್ಕೆ ಕೆಳಗಿನವರು.

ಮಳೆ ಕೈಕೊಟ್ಟರೆ ಮೂಲವೇ ಬತ್ತುತ್ತದೆ. 2016ರ ಏಪ್ರಿಲ್‌ನಲ್ಲಿ ಮಂಜೀರಾದ ಮೇಲ್ಭಾಗದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಆ ಬರದಲ್ಲಿ ಸಿಂಗೂರು ಕೂಡ ತಳ ಕಂಡಿತ್ತು. ಇಂಥ ವರ್ಷಗಳಲ್ಲಿ ಜನ ಮತ್ತೆ ಬೋರಿನ ನೀರಿಗೆ ಮರಳುತ್ತಾರೆ.

ಬೋರಿನ ನೀರಿನ ತೊಂದರೆ

ನದಿ ನೀರಿಗೂ ಬೋರಿನ ನೀರಿಗೂ ದೋಷ ಬೇರೆ ಬೇರೆ. ನದಿ ನೀರಿನಲ್ಲಿ ಕೆಸರು ಮತ್ತು ರೋಗಾಣುಗಳ ಭಯ. ಬೋರಿನ ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ಲವಣ ಕರಗಿರುತ್ತದೆ. ತಾಂಡೂರಿನ ಹೆಸರಾದ ಹಾಸುಗಲ್ಲು ಸುಣ್ಣದಕಲ್ಲು. ಅಂಥ ಕಲ್ಲಿನ ಪದರಗಳಲ್ಲಿ ನಿಂತ ನೀರು ಗಡಸಾಗುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ.

ಗಡಸು ನೀರು ತೊಂದರೆಯದೇ ಹೊರತು ವಿಷವಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಫ್ಲೋರೈಡ್ ಮತ್ತು ನೈಟ್ರೇಟ್ ವಿಷಯದಲ್ಲಿ. ಫ್ಲೋರೈಡ್ ಹೆಚ್ಚಾದರೆ ಹಲ್ಲಿನಲ್ಲಿ ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು ಕೆಡುತ್ತದೆ. ಗೊಬ್ಬರ ಹಾಕಿದ ಹೊಲ, ತಿಪ್ಪೆ, ಶೌಚದ ಗುಂಡಿಗಳಿಂದ ಇಳಿಯುವ ನೈಟ್ರೇಟ್ ಎಳೆಯ ಕೂಸುಗಳಿಗೆ ಅಪಾಯ. ಇವೆರಡಕ್ಕೂ ಬಣ್ಣ, ವಾಸನೆ, ರುಚಿ ಇಲ್ಲ.

ಕೊಳವೆಯಲ್ಲಿ ಆಗುವುದೇನು?

ಘಟಕದಲ್ಲಿ ಆಲಂ ಹಾಕಿ ಕೆಸರು ಕೆಳಗಿಳಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್ ಸೇರಿಸುತ್ತಾರೆ. ಇಷ್ಟೆಲ್ಲ ಆದ ಮೇಲೂ ನೀರು ಕೆಡಬಹುದು. ದಿನಕ್ಕೆ ಒಂದೆರಡು ತಾಸು ಮಾತ್ರ ನೀರು ಬಿಟ್ಟು ವಾಲ್ವ್ ಮುಚ್ಚಿದಾಗ ಕೊಳವೆ ಖಾಲಿಯಾಗಿ ಒತ್ತಡ ಇಳಿಯುತ್ತದೆ. ಪಕ್ಕದಲ್ಲಿ ಚರಂಡಿ ಇದ್ದರೆ, ಒಡೆದ ಜಾಗದಿಂದ ಅದರ ನೀರು ಒಳಗೆ ಸೇರುತ್ತದೆ. ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿ ಎಳೆದರೆ ಈ ಅಪಾಯ ಹೆಚ್ಚುತ್ತದೆ, ನೆರೆಮನೆಯವರಿಗೂ ಅದೇ ನೀರು ಹೋಗುತ್ತದೆ.

ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ರಾಯಚೂರು ನಗರದಲ್ಲಿ 2022ರ ಮೇ-ಜೂನ್‌ನಲ್ಲಿ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಸಾವುಗಳೂ ಆದವು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಕಲುಷಿತ ನೀರಿನಿಂದ ಜನ ಸತ್ತರು. ದೊಡ್ಡ ನದಿ ಹತ್ತಿರ ಇದ್ದ ಮಾತ್ರಕ್ಕೆ ನಳದ ನೀರು ಸುರಕ್ಷಿತ ಎಂದಾಗುವುದಿಲ್ಲ.

ಎಷ್ಟಿದ್ದರೆ ಸರಿ?

ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಮುಖ್ಯ ಮಿತಿಗಳು ಹೀಗಿವೆ. ಅಳತೆ ಲೀಟರಿಗೆ ಮಿಲಿಗ್ರಾಂನಲ್ಲಿದೆ.

* ಕರಗಿದ ಲವಣ: 500, ಬೇರೆ ಮೂಲ ಇಲ್ಲದಿದ್ದರೆ 2000ವರೆಗೆ
* ಗಡಸುತನ: 200, ಬೇರೆ ಮೂಲ ಇಲ್ಲದಿದ್ದರೆ 600ವರೆಗೆ
* ಫ್ಲೋರೈಡ್: 1, ಹೆಚ್ಚೆಂದರೆ 1.5
* ನೈಟ್ರೇಟ್: 45, ಇದರಲ್ಲಿ ರಿಯಾಯಿತಿ ಇಲ್ಲ
* ಉಳಿದ ಕ್ಲೋರಿನ್: ಕನಿಷ್ಠ 0.2
* ಇ-ಕೊಲೈ ರೋಗಾಣು: 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು

ಈ ಪಟ್ಟಿಯಲ್ಲಿ ದಿನವೂ ನೋಡಬೇಕಾದದ್ದು ಉಳಿದ ಕ್ಲೋರಿನ್. ಘಟಕದಲ್ಲಿ ಅಲ್ಲ, ಓಣಿಯ ಕೊನೆಯ ಮನೆಯ ನಳದಲ್ಲಿ ನೋಡಬೇಕು. ಅಲ್ಲಿ ಕ್ಲೋರಿನ್ ಉಳಿದಿಲ್ಲವೆಂದರೆ ದಾರಿಯಲ್ಲಿ ಕೊಳಕು ಸೇರಿರಬಹುದು, ಇಲ್ಲವೆ ಹಾಕಿದ ಪ್ರಮಾಣ ಸಾಲದಾಗಿರಬಹುದು. ಕ್ಲೋರೋಸ್ಕೋಪ್ ಎಂಬ ಸಣ್ಣ ಪೆಟ್ಟಿಗೆಯಲ್ಲಿ ನೀರಿಗೆ ದ್ರಾವಣ ಹಾಕಿ ಬಣ್ಣ ನೋಡಿ ಇದನ್ನು ಹೇಳಬಹುದು. ಮಲದ ಕಲುಷಿತ ತಿಳಿಯಲು ಎಚ್‌2ಎಸ್ ಬಾಟಲಿ ಇದೆ. ತುಂಬಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಅದನ್ನು ಹಾಗೆಯೇ ಕುಡಿಯಬಾರದು.

ಮನೆಯಲ್ಲಿ ಮಾಡಬೇಕಾದದ್ದು

* ನೀರು ಬಿಟ್ಟಾಗ ಮೊದಲು ಬರುವ ಕೆಂಪು ಅಥವಾ ಕದಡಿದ ನೀರನ್ನು ಕುಡಿಯಲು ಹಿಡಿಯಬಾರದು.
* ಅನುಮಾನವಿದ್ದರೆ ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ.
* ಆರ್‌ಒ ಯಂತ್ರ ಲವಣವನ್ನೂ ಫ್ಲೋರೈಡನ್ನೂ ತೆಗೆಯುತ್ತದೆ, ಆದರೆ ಬಹಳ ನೀರು ಹೊರಗೆ ಬಿಡುತ್ತದೆ. ನೀರು ಪರೀಕ್ಷಿಸಿಯೇ ಕೊಳ್ಳುವುದು ಲೇಸು.
* 20 ಲೀಟರ್ ಕ್ಯಾನಿನ ನೀರೂ ಕ್ಯಾನ್ ಸ್ವಚ್ಛವಿದ್ದಷ್ಟೇ ಸ್ವಚ್ಛ.
* ಮನೆಯ ಟಾಕಿ ತೊಳೆಯುತ್ತಿರಬೇಕು, ಕೊಡ ಮುಚ್ಚಿಡಬೇಕು, ಹಿಡಿಕೆಯ ಸೌಟಿನಿಂದ ನೀರು ತೆಗೆಯಬೇಕು.

ಒಂದೇ ಓಣಿಯ ಎರಡು ಮೂರು ಮನೆಗಳಲ್ಲಿ ಒಟ್ಟಿಗೆ ವಾಂತಿಭೇದಿ ಕಂಡರೆ ಅದನ್ನು ಊಟದ ದೋಷ ಎಂದು ಬಿಡಬಾರದು. ಆ ನೀರು ಕುಡಿಯುವುದನ್ನು ನಿಲ್ಲಿಸಿ, ಪಟ್ಟಣದಲ್ಲಿ ಮುನ್ಸಿಪಾಲಿಟಿಗೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಗೆ, ಎರಡೂ ಕಡೆ ಸರಕಾರಿ ಆಸ್ಪತ್ರೆಗೆ ಅದೇ ದಿನ ತಿಳಿಸಬೇಕು. ಕರ್ನಾಟಕದ ಕಡೆಯ ಹಳ್ಳಿಗಳಲ್ಲೂ ಮಾತು ಇದೇ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸಲು ತರಬೇತಿ ಕೊಡಬೇಕೆಂದಿದೆ. ತಮ್ಮೂರಿನಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ, ಕಳೆದ ಪರೀಕ್ಷೆ ಯಾವಾಗ ಆಯಿತು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಊರವರಿಗಿದೆ.