ಮುಂಬಯಿ ನಗರಸಭೆ: ಬೊಕ್ಕಸದ ಬೀಗದಕೈ ಯಾರಲ್ಲಿ?

ಊರು ಬಿಟ್ಟು ಬಂದ ನಮ್ಮವರಿಗೆ ಮುಂಬಯಿಯ ಮೊದಲ ಪರಿಚಯವಾಗುವುದು ಬಹುಮಟ್ಟಿಗೆ ನಳದ ಮುಂದೆಯೇ. ಕೃಷ್ಣೆ, ತುಂಗಭದ್ರೆ, ನೇತ್ರಾವತಿಗಳ ದಂಡೆಯಲ್ಲಿ ಬೆಳೆದವರು ಚಾಳಿನಲ್ಲಿ ಕೊಡವಿಟ್ಟು ಕಾಯುತ್ತ ನಿಂತಾಗ, ಈ ನೀರು ಎಲ್ಲಿಂದ ಬಂತು, ಯಾರ ಹಣದಿಂದ ಬಂತು ಎಂದು ವಿಚಾರಿಸುವ ವ್ಯವಧಾನ ಯಾರಿಗಿದ್ದೀತು? ರಾಜ್ಯೋತ್ಸವದ ಬಿಡುವಿನಲ್ಲಾದರೂ ಆ ಮಾತನ್ನು ಸ್ವಲ್ಪ ಕೆದಕಿ ನೋಡೋಣ.

1854ರಲ್ಲಿ ಮುಂಬಯಿಗೆ ನೀರಿನ ಬರ ಬಂದಿತು. ಬಾವಿ ಕೆರೆಗಳು ಬತ್ತಿಹೋಗಿ, ಹೊರಗಿನಿಂದ ನೀರು ತರಿಸಬೇಕಾಯಿತು. ಆಗ ಎಂಜಿನಿಯರ್ ಹೆನ್ರಿ ಕಾನಿಬೇರನ ಯೋಜನೆಯಂತೆ ಮಿಠಿ ಹೊಳೆಗೆ ಒಡ್ಡು ಕಟ್ಟಿ ವಿಹಾರ ಕೆರೆಯನ್ನು ನಿರ್ಮಿಸಿದರು. 1860ರ ಹೊತ್ತಿಗೆ ಕೊಳವೆಯಲ್ಲಿ ನೀರು ಊರೊಳಕ್ಕೆ ಹರಿಯಿತು. ಸಾಲವೂ ಅದರೊಡನೆಯೇ ಬಂದಿತೆನ್ನಬೇಕು.

ಆದರೆ ಆ ದಿನಗಳಲ್ಲಿ ಸಾಲಕ್ಕೆ ಅಂಜುವವರಾರು? ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋಗಿ, ಮುಂಬಯಿಯಲ್ಲಿ ಹಣದ ಮಳೆ ಸುರಿಯುತ್ತಿತ್ತು. ಆ ಮಳೆಯಲ್ಲಿ ನಮ್ಮ ನಾಡಿನ ಪಾಲೂ ಇದ್ದಿತು; ಧಾರವಾಡ ಸೀಮೆಯ ಅರಳೆ ಘಟ್ಟವಿಳಿದು, ಕುಮಟೆಯ ಬಂದರಿನಿಂದ ಹಡಗೇರಿ ಇಲ್ಲಿಗೆ ಬರುತ್ತಿತ್ತು. 1864ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 8,16,562. 1865ರಲ್ಲಿ ಯುದ್ಧ ಮುಗಿದು ಷೇರುಪೇಟೆ ಕುಸಿಯಿತು. ಕೋಟ್ಯಧೀಶರೆಲ್ಲ ದಿವಾಳಿ ಎದ್ದರು. 1872ರ ಗಣತಿಗೆ ಉಳಿದವರು 6,44,405 ಮಂದಿ.

ಇಂಥ ವಿಷಮಕಾಲದಲ್ಲಿಯೇ, 1865ರ ಕಾಯಿದೆಯಂತೆ, ಆರ್ಥರ್ ಕ್ರಾಫರ್ಡ್ ಸಾಹೇಬನು ಮುನಿಸಿಪಲ್ ಕಮಿಷನರನಾಗಿ ಬಂದನು. ‘ಜಸ್ಟಿಸ್’ ಎಂಬ ಬಿರುದಿನ ನಾಮಕರಣಗೊಂಡ ಗಣ್ಯರ ಮಂಡಲಿಯೇನೋ ಇದ್ದಿತು. ಆದರೆ ಕಾರ್ಯಭಾರವೆಲ್ಲ ಕಮಿಷನರನ ಕೈಯಲ್ಲಿ. ಮನುಷ್ಯ ಮೈಗಳ್ಳನಲ್ಲ. ರಸ್ತೆಗಳನ್ನು ಅಗಲ ಮಾಡಿಸಿದ, ಕೊಳೆಯನ್ನು ತೆಗೆಸಿದ, 1869ರಲ್ಲಿ ತನ್ನ ಹೆಸರಿನ ದೊಡ್ಡ ಮಾರುಕಟ್ಟೆಯನ್ನೂ ಮುಗಿಸಿದ. ಊರು ಚೊಕ್ಕಟವಾಯಿತು, ಬೊಕ್ಕಸ ಇನ್ನೂ ಚೊಕ್ಕಟವಾಯಿತು! ಮನೆಪಟ್ಟಿ, ನೀರುಪಟ್ಟಿ, ಗಾಡಿಗಳ ಮೇಲೆ ಗಾಲಿಪಟ್ಟಿ, ಮಲ ಸಾಗಿಸುವ ಹಲಾಲ್‌ಖೋರರ ಹೆಸರಿನಲ್ಲೊಂದು ಪಟ್ಟಿ, ಹೀಗೆ ತೆರಿಗೆಯ ಮೇಲೆ ತೆರಿಗೆ ಬಿದ್ದು ಜನ ರೋಸಿಹೋದರು. 1871ರಲ್ಲಿ ತೆರಿಗೆದಾರರ ಚಳವಳಿ ಎದ್ದಿತು. ಸಾಹೇಬ ಆ ಹುದ್ದೆಯನ್ನು ಬಿಡಬೇಕಾಯಿತು. (ಮುಂದೆ 1888ರಲ್ಲಿ ಪುಣೆಯಲ್ಲಿ ಅವನ ಮೇಲೆ ವಿಚಾರಣೆ ನಡೆದು, ಲಂಚದ ಆರೋಪ ನಿಲ್ಲದಿದ್ದರೂ, ಕೈಕೆಳಗಿನವರಿಂದ ಸಾಲ ತೆಗೆದ ತಪ್ಪಿಗೆ ನೌಕರಿ ಹೋಯಿತು. ಕೈಸಾಲದ ಅಭ್ಯಾಸ ದೊಡ್ಡದು.)

ಕಮಿಷನರನ ಅಧಿಕಾರವನ್ನು ಒಂದು ಸಮಿತಿಗೆ ಹಂಚಿಬಿಟ್ಟರೆ ಎಲ್ಲವೂ ಸರಿಹೋದೀತೆಂಬುದು ಚಳವಳಿಗಾರರ ಎಣಿಕೆ. 1871ರ ನವೆಂಬರದಲ್ಲಿ 26 ವರ್ಷದ ತರುಣ ಬ್ಯಾರಿಸ್ಟರರೊಬ್ಬರು ಇದಕ್ಕೆ ವಿರುದ್ಧವಾಗಿ ಪ್ರಬಂಧ ಓದಿದರು. ಅವರು ಫಿರೋಜಶಹಾ ಮೆಹತಾ. ಕೆಲಸ ಮಾಡುವ ಕೈ ಒಂದೇ ಇರಲಿ, ಆ ಕೈಯನ್ನು ಹಿಡಿಯುವವರು ಜನರು ಆರಿಸಿದವರಾಗಿರಲಿ. ತಪ್ಪು ಕಮಿಷನರನ ಅಧಿಕಾರದಲ್ಲಿಲ್ಲ, ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಜಸ್ಟಿಸರ ಮಂಡಲಿಯಲ್ಲಿದೆ ಎಂಬುದು ಅವರ ವಾದ. ಸಭೆ ಕೂಗಿ ಗದ್ದಲವೆಬ್ಬಿಸಿತು. ಜನರ ಪರವಾದ ಮಾತು ಜನರಿಗೇ ರುಚಿಸಲಿಲ್ಲ.

ಆದರೂ ಕಾಲ ಮೆಹತಾರ ಕಡೆಗೇ ವಾಲಿತು. 1872ರ ಕಾಯಿದೆಯಿಂದ 64 ಸದಸ್ಯರ ಕಾರ್ಪೊರೇಶನ್ನು ಹುಟ್ಟಿತು; ಅವರಲ್ಲಿ ಅರ್ಧದಷ್ಟು ಜನರನ್ನು ತೆರಿಗೆದಾರರು ಆರಿಸಿದರು. 1888ರ ಕಾಯಿದೆಯು ಕಾರ್ಪೊರೇಶನ್, ಸ್ಥಾಯೀ ಸಮಿತಿ, ಕಮಿಷನರ್ ಎಂಬ ಮೂರು ಅಧಿಕಾರಸ್ಥಾನಗಳನ್ನು ನಿಲ್ಲಿಸಿತು. 1892ರಲ್ಲಿ ತಾನ್ಸಾದ ನೀರು ಬಂದಿತು. ಮರುವರ್ಷ ಬೋರಿಬಂದರಿನೆದುರು ಸ್ಟೀವನ್ಸನು ಕಟ್ಟಿದ ನಗರಸಭಾಭವನ ತೆರೆಯಿತು. ಅದರ ಮುಂದೆ ಈಗ ನಿಂತಿರುವ ಪ್ರತಿಮೆ ಅದೇ ಮೆಹತಾರದು.

ಲೆಕ್ಕದ ಪುಸ್ತಕದಲ್ಲಿ ಕಾಣದ ಇನ್ನೊಂದು ಶಕ್ತಿಯೂ ನಗರದಲ್ಲಿದ್ದಿತು. 1896ರಲ್ಲಿ ಪ್ಲೇಗು ಬಂದಾಗ ಕಮಿಷನರ್ ಸ್ನೋ ಎಂಬವನು ರೋಗಿಗಳನ್ನು ಬಲಾತ್ಕಾರವಾಗಿ ಆಸ್ಪತ್ರೆಗೆ ಸಾಗಿಸುವ ಆಜ್ಞೆ ಹೊರಡಿಸಿ, ಅದೇ ಅಕ್ಟೋಬರದಲ್ಲಿಯೇ ಅದನ್ನು ಸಡಿಲಿಸಿದನು. ಮುಖ್ಯವಾದೊಂದು ಕಾರಣ: ಹಲಾಲ್‌ಖೋರರು ಹೆದರಿ ಊರು ಬಿಟ್ಟರೆ ನಗರ ಒಂದು ವಾರವೂ ಬಾಳಲಾರದೆಂಬ ಭಯ. ಮತವಿಲ್ಲದ ಜನ ಮತವಿದ್ದವರಿಗಿಂತ ಗಟ್ಟಿಯಾಗಿ ಮಾತಾಡಿದ ಪ್ರಸಂಗವಿದು. ಅದೂ ಬಾಯಿ ತೆರೆಯದೆ.

ಮತವಿಲ್ಲದವರಲ್ಲಿ ನಮ್ಮವರೂ ಇದ್ದರು. ಹೋಟೆಲಿನ ಬೆಂಚಿನ ಮೇಲೆಯೇ ಮಲಗೇಳುತ್ತಿದ್ದ ಮಾಣಿ, ಗಿರಣಿಯ ಕೂಲಿ, ಒಂದೇ ಖೋಲಿಯಲ್ಲಿ ಸಂಸಾರ ಹೂಡಿದ ಗುಮಾಸ್ತ ತೆರಿಗೆದಾರರಲ್ಲ. ತೆರಿಗೆ ಕಟ್ಟುವವನು ಚಾಳಿನ ಮಾಲೀಕ. ಆ ತೆರಿಗೆ ಬಾಡಿಗೆಯಲ್ಲಿ ಸೇರಿ ಇವರ ಜೇಬಿನಿಂದಲೇ ಹೋಗುತ್ತಿತ್ತೆಂಬುದನ್ನು ಕಾಯಿದೆ ಬಹುಕಾಲ ಒಪ್ಪಲಿಲ್ಲ. 1922ರಲ್ಲಿ ತಿಂಗಳಿಗೆ 10 ರೂಪಾಯಿ ಬಾಡಿಗೆ ಕೊಡುವವರಿಗೆ ಮತ ದೊರೆಯಿತು. ಆಗಲೂ ಅಗ್ಗದ ಖೋಲಿಯವರು ಹೊರಗುಳಿದರು. ವಯಸ್ಕರಿಗೆಲ್ಲ ಮತ ಬಂದ ಮೊದಲ ಚುನಾವಣೆ ನಡೆದುದು 1948ರಲ್ಲಿ.

ಚುನಾಯಿತ ಸಭೆಯ ಅವಧಿ 2022ರ ಮಾರ್ಚಿಯಲ್ಲಿ ಮುಗಿದಾಗ ಚುನಾವಣೆ ಮುಂದಕ್ಕೆ ಹೋಗಿ, ಕಮಿಷನರರೇ ಆಡಳಿತಾಧಿಕಾರಿಯಾಗಿ ಕುಳಿತರು. ಆಯವ್ಯಯ ಮಂಡಿಸಿದವರೂ ಅವರೇ, ಮಂಜೂರು ಮಾಡಿದವರೂ ಅವರೇ. ಮೆಹತಾರ ಪ್ರತಿಮೆಯು ಆಗಲೂ ನಗರಸಭೆಗೆ ಬೆನ್ನು ಮಾಡಿಯೇ ನಿಂತಿದ್ದಿತು.