ಗಂಟೆ ಕದ್ದ ಹುಡುಗರು, ನೀರು ಸಿಗದ ಹುಡುಗ (ಕ್ಯಾಲಿಫೋರ್ನಿಯಾ ಕಥೆಗಳು – 9)

ಹೋದ ವಾರ ಇಲ್ಲಿನ ಕಾಲೇಜು ಫುಟ್‌ಬಾಲ್ ಹುಚ್ಚಿನ ಬಗ್ಗೆ ಬರೆದಾಗ "ಓದೋಕೆ ಹೋದ ಹುಡುಗರು ಯಾಕೆ ಇಷ್ಟು ಕುಣೀತಾರೆ?" ಅಂತ ಕೇಳಿದ್ರಿ. ಸ್ವಲ್ಪ ಹಳೇ ಕಥೆ ಹೇಳ್ತೀನಿ. (ಚೆಂಡನ್ನ ಕೈಯಲ್ಲಿ ಹಿಡಿದು ಓಡೋ ಆಟ ಇದು, ನಮ್ಮ ಫುಟ್‌ಬಾಲ್ ಅಲ್ಲ.)

ಲಾಸ್ ಏಂಜಲೀಸ್‌ನಲ್ಲಿ ಯುಸಿಎಲ್‌ಎ, ಯುಎಸ್‌ಸಿ ಅಂತ ಎರಡು ದೊಡ್ಡ ವಿಶ್ವವಿದ್ಯಾಲಯ, ಹಾವು ಮುಂಗುಸಿ ಥರ. 1939ರಲ್ಲಿ ಯುಸಿಎಲ್‌ಎ ಹಳೇ ವಿದ್ಯಾರ್ಥಿಗಳು ರೈಲು ಇಂಜಿನ್ನಿನ ಗಂಟೆಯೊಂದನ್ನ ಕಾಲೇಜಿಗೆ ಕೊಟ್ಟರು. ಸುಮಾರು 134 ಕೆಜಿ ತೂಕ. 1941ರಲ್ಲಿ ಯುಎಸ್‌ಸಿಯ ಆರು ಹುಡುಗರು ಯುಸಿಎಲ್‌ಎ ಅಭಿಮಾನಿಗಳ ಗುಂಪಲ್ಲಿ ಸೇರಿಕೊಂಡು, ಪಂದ್ಯ ಮುಗಿದ ಮೇಲೆ ಗಂಟೆಯನ್ನ ಲಾರಿಗೆ ಏರಿಸೋಕೆ ತಾವೂ ಕೈ ಹಾಕಿದ್ರು. ಲಾರಿ ಕೀ ಎಗರಿಸಿದ್ದವರೂ ಇವರೇ! ಅವರು ಕೀ ಹುಡುಕೋಕೆ ಹೋದ ಹೊತ್ತಿಗೆ ಲಾರಿ ಸಮೇತ ಪರಾರಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಚ್ಚಿಟ್ಟರು, ಒಮ್ಮೆ ಹುಲ್ಲಿನ ಬಣವೆ ಕೆಳಗೂ. ಸೇಡಿಗೆ ಸೇಡು ಬೆಳೆದು, ಪಂದ್ಯವನ್ನೇ ನಿಲ್ಲಿಸ್ತೀನಿ ಅಂತ ಯುಎಸ್‌ಸಿ ಅಧ್ಯಕ್ಷರು ಎಚ್ಚರಿಸಬೇಕಾಯ್ತು. 1942 ನವೆಂಬರ್ 12ಕ್ಕೆ ರಾಜಿ: ಗಂಟೆ ಆಯಾ ವರ್ಷ ಗೆದ್ದವರಿಗೆ. ಈಗಲೂ ಹಾಗೇ. ಗೆದ್ದವರು ಗಂಟೆಯ ಗಾಡಿಗೆ ತಮ್ಮ ಬಣ್ಣ ಬಳೀತಾರೆ.

ಈ ಕಥೆ ಇಲ್ಲಿ ಎಲ್ಲರೂ ನಕ್ಕು ಹೇಳ್ತಾರೆ. ನಾನೂ ನಕ್ಕೆ. ಆ ಆರು ಜನ ಒಂದು "ಫ್ರಟರ್ನಿಟಿ"ಯವರು. ಅಂದ್ರೆ ಒಂದೇ ಮನೆಯಲ್ಲಿ ಇದ್ದು "ಅಣ್ಣತಮ್ಮ" ಅಂತ ಕರೆದುಕೊಳ್ಳೋ ಹುಡುಗರ ಸಂಘ. ಒಳಗೆ ಸೇರಬೇಕಾದ್ರೆ ಗಂಡಸು ಅಂತ ತೋರಿಸಬೇಕು. ಅದಕ್ಕೆ ಹೇಜಿಂಗ್ ಅಂತಾರೆ. ನಮ್ಮ ರ್‍ಯಾಗಿಂಗ್ ಥರಾನೇ, ಆದ್ರೆ ಒಂದು ವ್ಯತ್ಯಾಸ ಇದೆ. ರ್‍ಯಾಗಿಂಗ್‌ನಲ್ಲಿ ಸಿಕ್ಕಿಬೀಳ್ತೀವಿ, ಇಲ್ಲಿ ಹುಡುಗ ತಾನೇ ಆಸೆಪಟ್ಟು ಹೋಗಿರ್ತಾನೆ. ಹಾಗಾಗಿ ದೂರೂ ಕೊಡಲ್ಲ. ಗಂಟೆ ಜಗಳ ಮೈದಾನಕ್ಕೆ ಬಂತು, ಎಲ್ಲರ ಕಣ್ಣೆದುರು ನಿಯಮ ಆಯ್ತು. ಇದು ಮಾತ್ರ ನೆಲಮಾಳಿಗೆಯಲ್ಲೇ ಉಳೀತು.

ಚಿಕೋ ಅಂತ ಉತ್ತರದ ಊರು. 2005 ಫೆಬ್ರವರಿಯಲ್ಲಿ ಅಲ್ಲಿ 21ರ ಹುಡುಗನಿಗೆ ಚಳಿ ನೆಲಮಾಳಿಗೆಯಲ್ಲಿ ವ್ಯಾಯಾಮ ಮಾಡಿಸ್ತಾ ನೀರು ಕುಡಿಸಿದ್ರು, ಮತ್ತೆ ಮತ್ತೆ. ಬರೀ ನೀರು! ರಕ್ತದಲ್ಲಿ ಸೋಡಿಯಂ ಕುಸಿದ್ರೆ ಮೆದುಳು ಊದಿಕೊಳ್ಳುತ್ತೆ. ಹೋಗ್ಬಿಟ್ಟ. ಅವನ ಹೆಸರಲ್ಲೇ 2006ರಲ್ಲಿ "ಮ್ಯಾಟ್ಸ್ ಲಾ" ಬಂತು. ಹೇಜಿಂಗ್‌ನಿಂದ ಸಾವು ಅಥವಾ ಗಂಭೀರ ಗಾಯ ಆದ್ರೆ ದೊಡ್ಡ ಅಪರಾಧ ಅಂತ.

ಕಾನೂನು ಬಂದ ಮೇಲೂ, 2014 ಜುಲೈನಲ್ಲಿ ಲಾಸ್ ಏಂಜಲೀಸ್ ಪಕ್ಕದ ಕಾಡುಬೆಟ್ಟದಲ್ಲಿ ನಾರ್ತ್‌ರಿಡ್ಜ್ ಕಾಲೇಜಿನ 19ರ ಹುಡುಗ, ಫ್ರಟರ್ನಿಟಿಯವರ ಜೊತೆ ನಡೆಯೋಕೆ ಹೋದವನು, ಬಿಸಿಲಲ್ಲಿ ನೀರು ಸಾಲದೆ ಕುಸಿದು ಸತ್ತ. ಹೇಜಿಂಗ್ ನಡೆದಿತ್ತು ಅಂತ ವಿಶ್ವವಿದ್ಯಾಲಯವೇ ವಿಚಾರಣೆ ಮಾಡಿ ಹೇಳಿತು. ಒಬ್ಬನಿಗೆ ನೀರು ಹೆಚ್ಚಾಯ್ತು, ಒಬ್ಬನಿಗೆ ಸಿಗಲಿಲ್ಲ. ಇಬ್ಬರಲ್ಲಿ ಯಾರಾದ್ರೂ "ನನ್ನ ಕೈಲಾಗಲ್ಲ" ಅಂತ ಎದ್ದು ಹೋಗಬಹುದಿತ್ತಲ್ಲ ಅಂತೀರಾ? ಆ ಮಾತು ಬಾಯಿಂದ ಬರದ ಹಾಗೆ ನೋಡ್ಕೊಳ್ಳೋದೇ ಆ ಪರೀಕ್ಷೆಯ ಕೆಲಸ.

ಸ್ಯಾನ್ ಡಿಯಾಗೋದಲ್ಲಿ 2019 ನವೆಂಬರ್‌ನಲ್ಲಿ ಸ್ಟೇಟ್ ಯೂನಿವರ್ಸಿಟಿಯ ಮೊದಲ ವರ್ಷದ ಹುಡುಗ ಫ್ರಟರ್ನಿಟಿ ಕಾರ್ಯಕ್ರಮದಿಂದ ಕುಡಿದು ಬಂದು, ಹಾಸ್ಟೆಲ್‌ನ ಬಂಕ್ ಮಂಚದಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. 14 ಫ್ರಟರ್ನಿಟಿಗಳನ್ನ ಅಮಾನತು ಮಾಡಿದ್ರು.

ಊರಿಂದ ಎಂಎಸ್ ಮಾಡೋಕೆ ಮಕ್ಕಳನ್ನ ಕಳಿಸ್ತಿರೋರು ಇದನ್ನ ಅವರಿಗೆ ಫಾರ್ವರ್ಡ್ ಮಾಡಿ. ಕುಡಿದು ಎಚ್ಚರ ತಪ್ಪಿದವರನ್ನ "ಮಲಗಿದ್ರೆ ಸರಿಹೋಗುತ್ತೆ" ಅಂತ ಬಿಡಬಾರದು. ಪಕ್ಕಕ್ಕೆ ಹೊರಳಿಸಿ, 911ಕ್ಕೆ ಫೋನ್ ಮಾಡಿ, ಪಕ್ಕದಲ್ಲೇ ಇರಬೇಕು. 21 ತುಂಬದವರು ತಾವೂ ಕುಡಿದಿದ್ರೂ, ಗೆಳೆಯನಿಗಾಗಿ ಮೊದಲು ಫೋನ್ ಮಾಡಿ ಜೊತೆಗಿದ್ರೆ, ಕುಡಿದಿದ್ದಕ್ಕೆ ಕೇಸ್ ಹಾಕದ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2011ರಿಂದ ಇದೆ.