ಶೆಲ್ಲು ಜೋಡಿಸಿದ ಮೀನು

ನಮ್ಮೂರಲ್ಲಿ ಟಾರ್ಚಿಗೆ ಬ್ಯಾಟರಿ ಅಂತಾನೇ ಹೆಸರು. ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೊರಟರೆ ಅಜ್ಜನ ಕೈಯಲ್ಲಿ ಮೂರು ಶೆಲ್ಲಿನ ಬ್ಯಾಟರಿ ಇರಲೇಬೇಕು. ಶೆಲ್ಲುಗಳು ಯಾಕೆ ಒಂದರ ಹಿಂದೊಂದು ಕೂತಿರುತ್ತವೆ ಅಂತ ಬಿಇ ಓದುವಾಗ ಗೊತ್ತಾಯ್ತು: ಸೀರೀಸಲ್ಲಿ ಜೋಡಿಸಿದರೆ ವೋಲ್ಟೇಜು ಕೂಡುತ್ತೆ. ಮನುಷ್ಯರಿಗಿಂತ ಎಷ್ಟೋ ಮೊದಲು ಈ ಕೆಲಸ ಮಾಡಿದ್ದು ಒಂದು ಮೀನು ಅಂತ ಮಾತ್ರ ಯಾವ ಮೇಷ್ಟ್ರೂ ಹೇಳಲಿಲ್ಲ.

ಅದರ ಹೆಸರು ಟಾರ್ಪಿಡೊ. ತೊರಕೆ ಮೀನಿನ ಬಳಗದ್ದು. ಚಪ್ಪಟೆ ಮೈ, ಸಮುದ್ರದ ತಳದ ಮರಳಲ್ಲಿ ಹುದುಗಿರುತ್ತೆ, ಮುಟ್ಟಿದರೆ ಷಾಕ್ ಹೊಡೆಯುತ್ತೆ. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಜೋಮು ಹಿಡಿಯೋದು ಅನ್ನೋ ಅರ್ಥ. ಯುದ್ಧದ ಟಾರ್ಪಿಡೊಗೆ ಹೆಸರು ಬಂದಿದ್ದೂ ಈ ಮೀನಿಂದಲೇ. ಒಂದನೇ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕಾಲಿನ ಗೌಟ್ ನೋವಿಗೆ ಜೀವಂತ ಟಾರ್ಪಿಡೊ ಮೇಲೆ ಕಾಲಿಟ್ಟು ಮೊಣಕಾಲಿನವರೆಗೆ ಜೋಮು ಹಿಡಿಯೋ ತನಕ ನಿಲ್ಲಿ ಅಂತ ಬರೆದಿಟ್ಟಿದ್ದಾನೆ!

ಇದು ಕರೆಂಟೇ ಅಂತ ತೋರಿಸೋಕೆ 1772ರವರೆಗೆ ಕಾಯಬೇಕಾಯ್ತು. ಜಾನ್ ವಾಲ್ಶ್ ಎಂಬ ಇಂಗ್ಲಿಷಿನವ ಫ್ರಾನ್ಸಿನ ಲಾ ರೋಶೆಲ್ ತೀರಕ್ಕೆ ಹೋಗಿ ಪರೀಕ್ಷೆ ಮಾಡಿದ. ಷಾಕ್ ಲೋಹದ ತಂತಿಯಲ್ಲಿ ಹರೀತು, ಗಾಜು ಅಡ್ಡ ಬಂದರೆ ನಿಂತಿತು. ಅವನ ಮೀನುಗಳನ್ನು ಕೊಯ್ದು ನೋಡಿದ ವೈದ್ಯ ಜಾನ್ ಹಂಟರ್‌ಗೆ ತಲೆಯ ಎರಡೂ ಪಕ್ಕ ಒಂದೊಂದು ಅಂಗ ಸಿಕ್ಕಿತು. ಪ್ರತಿಯೊಂದರಲ್ಲೂ ಸುಮಾರು 470 ಕಂಬ. ಕಂಬದೊಳಗೆ ತೆಳು ಬಿಲ್ಲೆಗಳು, ಒಂದರ ಮೇಲೊಂದು.

ಆದರೂ ಕೆಲವರು ಒಪ್ಪಲಿಲ್ಲ. ಉಪ್ಪುನೀರಲ್ಲಿ ಕರೆಂಟು ಸೋರಿ ಹೋಗಲ್ವಾ? ಕಿಡಿ ಯಾಕೆ ಹಾರಲ್ಲ? ನ್ಯಾಯವಾದ ಪ್ರಶ್ನೆಗಳೇ. ಹೆನ್ರಿ ಕ್ಯಾವೆಂಡಿಶ್ ವಾದಕ್ಕೆ ಇಳಿಯಲಿಲ್ಲ, ಪ್ರೋಟೋಟೈಪ್ ಕಟ್ಟಿದ. ಚರ್ಮದ ಮೀನು ಮಾಡಿ, 49 ಲೈಡನ್ ಜಾಡಿಗಳಿಗೆ ಜೋಡಿಸಿ, ಉಪ್ಪುನೀರಲ್ಲಿ ಮುಳುಗಿಸಿದ. ಕೈ ಅದ್ದಿದವರಿಗೆ ಷಾಕ್ ಹೊಡೀತು. ವಿದ್ಯುತ್ತಿನ ಒತ್ತಡ ಬೇರೆ, ಪ್ರಮಾಣ ಬೇರೆ. ಒತ್ತಡ ಕಡಿಮೆಯಿದ್ದು ಪ್ರಮಾಣ ಹೆಚ್ಚಿದ್ದರೆ ಕಿಡಿ ಇಲ್ಲದೆಯೂ ಷಾಕ್ ಹೊಡೆಯುತ್ತೆ ಅಂತ ತೋರಿಸಿದ.

ಆಮೇಲೆ ಬಂದವನು ಇಟಲಿಯ ವೋಲ್ಟಾ. ಸತು, ಬೆಳ್ಳಿ, ಉಪ್ಪುನೀರಲ್ಲಿ ನೆನೆಸಿದ ರಟ್ಟು, ಮತ್ತೆ ಸತು, ಬೆಳ್ಳಿ, ರಟ್ಟು... ಹೀಗೆ ಬಿಲ್ಲೆಗಳ ಕಂಬ ಪೇರಿಸಿದ. 1800ರ ಮಾರ್ಚಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಅದನ್ನ ಟಾರ್ಪಿಡೊ ಮೀನಿನ ಅಂಗಕ್ಕೇ ಹೋಲಿಸಿ, 'ಕೃತಕ ವಿದ್ಯುತ್ ಅಂಗ' ಅಂತ ಕರೆದ. ಜಗತ್ತಿನ ಮೊದಲ ಶೆಲ್ಲು ಅದು.

ಬೇರೆಯವರ ಕೋಡ್ ತಗೊಂಡರೆ ಮೇಲೆ ಒಂದು ಸಾಲು ಕಾಮೆಂಟ್ ಹಾಕಿ ಮೂಲ ಹೇಳೋದು ನಮ್ಮ ಕಸುಬಿನ ಮರ್ಯಾದೆ. ವೋಲ್ಟಾ ಹಾಕಿದ್ದ. ಆಮೇಲೆ ಬಂದ ನಾವು ಕೋಡ್ ಇಟ್ಕೊಂಡು ಕಾಮೆಂಟ್ ಅಳಿಸಿಬಿಟ್ವಿ. ವೋಲ್ಟ್ ಅಂತ ಅವನ ಹೆಸರು ಉಳೀತು, ಮೀನಿನದ್ದು ಹೋಯ್ತು.

ಅಜ್ಜನ ಬ್ಯಾಟರಿ ಈಗಲೂ ಊರಿನ ಅಟ್ಟದ ಮೇಲಿದೆ. ಮುಂದಿನ ಸಲ ಹೋದಾಗ ಮೂರು ಶೆಲ್ಲು ಹಾಕಿ, ಅಣ್ಣನ ಮಗಳಿಗೆ ಕೊಟ್ಟು, ಮೊದಲು ಮೀನಿನ ಕತೆ ಹೇಳಬೇಕು.